ಮುಕುಂದರಾಯ, ಸೋಮಲಿಂಗ ಮತ್ತು ನಮ್ಮ ಶರಭಣ್ಣ ಮಾಸ್ತರು

ನನ್ನ ದವಾಖಾನೆಯಲ್ಲಿ ಎರಡು ಕುರ್ಚಿಗಳಿವೆ. ಒಂದು ಹಲ್ಲು ಕೀಳಿಸಿಕೊಳ್ಳುವವರಿಗೆ, ಇನ್ನೊಂದು ಅವರ ನೋವು ತೆಗೆದುಕೊಳ್ಳಲು ಜೊತೆಗೆ ಬಂದವರಿಗೆ. ಮಗುವಿನ ಹಲ್ಲು ಹುಳುಕಾಗಿದ್ದರೆ ತಾಯಿ ಅದರ ಕೈ ಹಿಡಿದು "ನನಗಿರಲಿ" ಎನ್ನುತ್ತಾಳೆ. ಮಗು "ತಗೋ" ಎನ್ನುತ್ತದೆ. ಆಮೇಲೆ ನಾನು ಮಗುವಿನ ಬಾಯಿಗೆ ಇಕ್ಕಳ ಹಾಕಿದರೆ ಪಕ್ಕದ ಕುರ್ಚಿಯಲ್ಲಿ ತಾಯಿ ಕಣ್ಣು ಮುಚ್ಚಿ ಸೆರಗು ಕಚ್ಚಿಕೊಳ್ಳುತ್ತಾಳೆ. ಮಗು ಕಿಟಕಿಯಾಚೆ ಬೇಲಿಯ ಮೇಲಿನ ಓತಿಕ್ಯಾತವನ್ನು ನೋಡುತ್ತ ಕೂತಿರುತ್ತದೆ. ನಮ್ಮ ಊರಿನಲ್ಲಿ ಎಲ್ಲವೂ ಹೀಗೆಯೇ. ಹೆರಿಗೆ ಆಸ್ಪತ್ರೆಯ ಪಡಸಾಲೆಯಲ್ಲಿ ಗಂಡಂದಿರು ಸಾಲಾಗಿ ಮಲಗಿ, ಮಂಚದ ಕಾಲು ಹಿಡಿದು ಒದರುತ್ತಿದ್ದರೆ ಒಳಗಿನಿಂದ ಹೆಂಡಂದಿರು "ಸಾವಕಾಶ ಒದರ್ರಿ, ಕೂಸು ಅಂಜತೈತಿ" ಎಂದು ಗದರುತ್ತಾರೆ. ರೋಗ ಯಾರದೋ ಅವರದೇ, ಅದನ್ನು ಯಾರೂ ತೆಗೆದುಕೊಳ್ಳಲಾರರು. ನೋವನ್ನು ಮಾತ್ರ ಇಬ್ಬರೂ ಒಪ್ಪಿ, ಕೈ ಹಿಡಿದು, ಆ ಎರಡು ಮಾತು ಆಡಿದರೆ ದಾಟಿಸಬಹುದು. ಒಬ್ಬರು ಬಾಯಿ ಬಿಡದಿದ್ದರೆ ಇಲ್ಲ. ವಾಪಸು ಕೊಡುವುದೂ ಹಾಗೆಯೇ. ಇನ್ನೊಂದು ವಿಷಯವನ್ನು ಊರಿನವರೆಲ್ಲ ಬಲ್ಲರು, ಗಟ್ಟಿಯಾಗಿ ಯಾರೂ ಆಡುವುದಿಲ್ಲ. ಕೊಟ್ಟವರು ತೀರಿಕೊಂಡರೆ ಅವರ ನೋವು ತೆಗೆದುಕೊಂಡವರಲ್ಲೇ ಉಳಿದುಬಿಡುತ್ತದೆ.

ನಾನು ಹೇಳಹೊರಟಿರುವುದು ನಮ್ಮ ವಾಚನಾಲಯದ ಸುಲೋಚನಾಬಾಯಿಯವರ ಕಥೆ. ಅವರ ಮನೆ ನನ್ನ ದವಾಖಾನೆಯ ಎದುರಿಗೇ ಇದೆ. ಅವರ ಯಜಮಾನರು ಶರಭಣ್ಣ ಮಾಸ್ತರು ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸಿ ನಿವೃತ್ತರಾದವರು. ಭಾನುವಾರ ಬೆಳಿಗ್ಗೆ ವಾಚನಾಲಯದ ಜಗುಲಿಯಲ್ಲಿ ನಾವು ನಾಲ್ಕಾರು ಜನ ಸೇರುತ್ತಿದ್ದೆವು. ಸ್ಟೇಷನ್ ಮಾಸ್ತರಾಗಿದ್ದ ಖಾದರಸಾಬರು, ಸೀರೆ-ಅರಿವೆ ಅಂಗಡಿಯ ಪಾರಿಸಪ್ಪ, ನಾನು, ಬಾಯಿಯವರು. ಶರಭಣ್ಣ ಮಾಸ್ತರು ಮೂಲೆಯ ಬೆಂಚಿನ ಮೇಲೆ ಕೂತು, ನಮ್ಮ ಮುಖಗಳನ್ನು ಗೀಚುತ್ತ, ಕೇಳಿಯೂ ಕೇಳದವರಂತೆ ಇರುತ್ತಿದ್ದರು. ನಮ್ಮ ಮಾತು ಎಲ್ಲಿಂದ ಹೊರಟರೂ ಕೊನೆಗೆ ಎರಡು ಹಳೆಯ ಕಾದಂಬರಿಗಳಿಗೆ ಬಂದು ನಿಲ್ಲುತ್ತಿತ್ತು. ಎರಡೂ ನಮ್ಮ ಊರಿನ ಈ ಪದ್ಧತಿ ಅರಿಯದ ಹೊರಗಿನವರು ಬರೆದವು. ಒಂದರ ನಾಯಕ ಡಾಕ್ಟರ್ ಮುಕುಂದರಾಯ. ಪ್ಲೇಗು ಬಡಿದ ಪೇಟೆಯೊಳಗೆ ರೋಗಿಗಳ ಜೊತೆ ತಾನೂ ನಿಂತು, ಹೊರಗಿನಿಂದ ಅಗಸೆ ಬಾಗಿಲಿಗೆ ಕಲ್ಲಿನ ಗೋಡೆ ಕಟ್ಟಿಸಿಬಿಡುತ್ತಾನೆ. ಮದುವೆಯಾಗಬೇಕಿದ್ದ ಇಂದುಮತಿ ತನಗಾಗಿ ಕಾಯದಿರಲೆಂದು, ಗೋಡೆ ಏಳುವ ಮೊದಲು ಅವಳನ್ನು ಬಾಯಿಗೆ ಬಂದಂತೆ ಬೈದು, ಅವಮಾನ ಮಾಡಿ ಕಳಿಸುತ್ತಾನೆ. ಇನ್ನೊಂದರ ನಾಯಕ ಸೋಮಲಿಂಗ. ತಮ್ಮ ಮಾಡಿದ ಕೊಲೆಯನ್ನು ತನ್ನ ಮೇಲೆ ಹಾಕಿಕೊಂಡು ಜೈಲಿಗೆ ಹೋಗುತ್ತಾನೆ. ಬಿಡುಗಡೆಯಾಗಿ ಬಂದಾಗ ತಮ್ಮನಿಗೆ ಗುರುತೇ ಸಿಗುವುದಿಲ್ಲ. ಇವನೂ ಹೇಳುವುದಿಲ್ಲ. ಅದೇ ಮನೆಯಲ್ಲಿ ನೀರು ಹೊರುವ ಆಳಾಗಿ ಉಳಿದು, ತಮ್ಮ ಹಬ್ಬಕ್ಕೆ ಕೊಡುವ ಹಳೆ ಕೋಟು ತೊಟ್ಟುಕೊಂಡು ಮುದುಕನಾಗುತ್ತಾನೆ.

ಇವರಿಬ್ಬರಲ್ಲಿ ದೊಡ್ಡವನಾರು ಎಂಬುದು ನಮ್ಮ ವರ್ಷಗಟ್ಟಲೆಯ ಜಗಳ. ಪಾರಿಸಪ್ಪ ಮುಕುಂದರಾಯನ ಕಡೆ. "ಜೀವಾನ ಕೊಟ್ಟಾನ್ರಿ, ಮ್ಯಾಲ ಪ್ರೀತೀನೂ ಕೊಟ್ಟಾನ. ಇನ್ನೇನು ಕೊಡಬೇಕು ಅಂತೀರಿ?" ಖಾದರಸಾಬರು ಸೋಮಲಿಂಗನ ಕಡೆ. "ಸಾಯೂದು ಒಮ್ಮೆ ಮಾಡಿ ಮುಗಸೂ ಕೆಲಸರೀ. ದಿನಾ ಮುಂಜಾನೆದ್ದು ತಮ್ಮನ ಬಚ್ಚಲಕ್ಕ ನೀರು ಹೊರೂದು, ಅಂವ ಏ ಮುದುಕಾ ಅಂತ ಕರದ್ರ ಓ ಅನ್ನೂದು, ಅದನ್ನ ಮಾಡಿ ತೋರಿಸ್ರಿ ನೋಡೋಣು." ಸುಲೋಚನಾಬಾಯಿಯೂ ಯಾವಾಗಲೂ ಪಾರಿಸಪ್ಪನ ಪಕ್ಷ. ಗೋಡೆಯ ಕೊನೆಯ ಕಲ್ಲು ಕೂರಿಸುವ ಪ್ರಕರಣವನ್ನು ಗಟ್ಟಿಯಾಗಿ ಓದುವಾಗ ಅವರ ದನಿ ಒಡೆಯುತ್ತಿತ್ತು. ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡು, "ಇಂಥವರು ಪುಸ್ತಕದಾಗಷ್ಟ ಇರತಾರ" ಎನ್ನುತ್ತಿದ್ದರು.

ಅವರಿಗೆ ಮದುವೆಗೆ ಮೊದಲಿನಿಂದಲೂ ಅರೆತಲೆಶೂಲೆ. ತಿಂಗಳಿಗೊಮ್ಮೆಯಾದರೂ ಬರುತ್ತಿತ್ತು. ಮದುವೆಯಾದ ಹೊಸತರಲ್ಲಿ ಒಂದು ದಿನ ಮಾಸ್ತರು ಅವರ ಕೈ ಹಿಡಿದು "ನನಗಿರಲಿ" ಅಂದಿದ್ದರು. ಹೊಸ ಹೆಂಡತಿ ನಾಚಿಕೊಂಡು "ತಗೋರಿ" ಅಂದಿದ್ದರು. ಅಲ್ಲಿಂದ ಅದು ಮನೆಯ ರೂಢಿಯಾಗಿಹೋಯಿತು. ಬಾಯಿಯವರು ಹಣೆ ಹಿಡಿದುಕೊಂಡರೆ ಸಾಕು, ಮಾಸ್ತರು ಬಂದು ಕೈ ಚಾಚುತ್ತಿದ್ದರು, ಮಾತು ಮುಗಿಸಿ ಒಳಕೋಣೆಗೆ ಹೋಗಿ ಕಿಟಕಿ ಮುಚ್ಚಿಕೊಂಡು, ಹಣೆಯ ಮೇಲೆ ಒದ್ದೆ ಟವೆಲ್ ಹಾಕಿಕೊಂಡು ಮಲಗುತ್ತಿದ್ದರು. ಬಾಯಿಯವರು ಹೊರಗೆ ದೀಪದ ಬೆಳಕಿಗೆ ಕಾದಂಬರಿ ಓದುತ್ತಿದ್ದರು. ಮುಕುಂದರಾಯನಿಗಾಗಿ ಅವರು ಅತ್ತ ಎಷ್ಟೋ ಸಲ ಅವರ ತಲೆನೋವು ಒಳಕೋಣೆಯಲ್ಲಿ ಮಾಸ್ತರ ತಲೆಯೊಳಗಿತ್ತು. "ನನಗ ಆಗ ಹೊಳೀಲೇ ಇಲ್ಲ ನೋಡ್ರಿ ಡಾಕ್ಟರ" ಎಂದು ಆಮೇಲೆ ಅವರೇ ನನಗೆ ಹೇಳಿದರು. "ಚಹಾ ಬೇಕೇನ್ರಿ ಅಂತ ಬಾಗಿಲದಾಗ ನಿಂತು ಕೇಳತಿದ್ದೆ. ಕೈಯಾಗ ಪುಸ್ತಕ ಹಿಡದ, ನಡುವ ಬೆರಳಿಟ್ಟಗೊಂಡ."

ಮಾಸ್ತರ ಸೊಂಟದ ಎಲುಬಿಗೆ ರೋಗ ಬಂದಾಗ ಬಾಯಿಯವರು ಗಾಬರಿಯಾದರು, ಆದರೆ ಧೈರ್ಯಗೆಡಲಿಲ್ಲ. ದೊಡ್ಡಾಸ್ಪತ್ರೆಯವರು ಮಾಡುವುದೇನೂ ಉಳಿದಿಲ್ಲವೆಂದು ಮನೆಗೆ ಕಳಿಸಿದ ದಿನ, ಮಾಸ್ತರನ್ನು ಹಿತ್ತಿಲ ಕಡೆಯ ಪಡಸಾಲೆಯ ಮಂಚದ ಮೇಲೆ ಮಲಗಿಸಿ, ಕಾಲು ತೊಳೆದುಕೊಂಡು ಬಂದು, ಪಕ್ಕದಲ್ಲಿ ಕೂತು ಅವರ ಕೈ ಹಿಡಿದು "ನನಗಿರಲಿ" ಅಂದರು. ಇಷ್ಟು ವರ್ಷದ ಬಾಕಿ ತೀರಿಸುವ ಹೊತ್ತು ಬಂತು ಎಂಬಂತೆ, ಒಂದು ಬಗೆಯ ಸಡಗರದಿಂದಲೇ ಅಂದರು. ಮಾಸ್ತರು "ತಗೋ" ಎನ್ನಲಿಲ್ಲ. ಅವರ ಕೈಯ ಮೇಲೆ ತಮ್ಮ ಇನ್ನೊಂದು ಕೈ ಇಟ್ಟು, "ಚಹಾಕ್ಕ ಈಗೀಗ ಸಕ್ಕರಿ ಕಡಿಮಿ ಹಾಕತೀದಿ" ಅಂದರು.

ಮರುದಿನವೂ ಕೇಳಿದರು. ಅದರ ಮರುದಿನವೂ. ಮಾಸ್ತರು ಮಾತು ಹಾರಿಸುತ್ತಿದ್ದರು, ಇಲ್ಲವೇ ನಿದ್ದೆ ಬಂದವರಂತೆ ಕಣ್ಣು ಮುಚ್ಚುತ್ತಿದ್ದರು. ಬೆವರಿನಿಂದ ದಿಂಬು ತೊಯ್ದಿರುತ್ತಿತ್ತು, ಹಲ್ಲು ಕಚ್ಚಿ ಕಚ್ಚಿ ದವಡೆ ಬಿಗಿದಿರುತ್ತಿತ್ತು. ದವಡೆ ನೋಡಲೆಂದು ನನ್ನನ್ನು ಕರೆಸಿದಾಗ ನಾನೂ ಕೈ ಹಿಡಿದು ಕೇಳಿದೆ. ಬೇರೆ ಊರಿನಿಂದ ಬಂದ ಮಗಳೂ ಅಳುತ್ತ ಕೇಳಿದಳು. ಯಾರಿಗೂ ತಗೋ ಎನ್ನಲಿಲ್ಲ. ಮಗಳು ವಾಪಸು ಹೋಗುವಾಗ ತಾಯಿಯ ಮೇಲೆ ರೇಗಿದಳು. "ನೀ ಗಟ್ಟಿಯಾಗಿ ಕೇಳಾಕತ್ತಿಲ್ಲವ್ವಾ." ಆ ಮಾತು ಬಾಯಿಯವರಿಗೆ ಬಹಳ ನಟ್ಟಿತು.

ಅಷ್ಟರಲ್ಲಿ ಊರಿನಲ್ಲಿ ಮಾಸ್ತರ ಹೆಸರು ದೊಡ್ಡದಾಗತೊಡಗಿತು. ಹೆಂಡತಿಗೆ ಕೂಡ ಕೊಡದೆ ತಾನೇ ತಾಳಿಕೊಂಡಿದ್ದಾನೆ, ಎಂಥ ಗಂಡಸು ಎಂದು ಸಂತೆಯಲ್ಲಿ ಆಡಿಕೊಂಡರು. ಪಾರಿಸಪ್ಪನಂತೂ ಭಾನುವಾರ ಬಾಯಿಯವರ ಎದುರಿಗೇ, "ಅಕ್ಕಾರ, ನಾವು ಪುಸ್ತಕದಾಗ ಹುಡುಕತಿದ್ವಿ. ಮುಕುಂದರಾಯ ನಮ್ಮೂರಾಗ ಇದ್ದಾನಲ್ಲರೀ" ಅಂದ. ಅವತ್ತು ಮಾಸ್ತರನ್ನೂ ಹೇಗೋ ರಿಕ್ಷಾದಲ್ಲಿ ಕರೆತಂದಿದ್ದರು. ಅವರು ಬೆಂಚಿನ ಮೇಲೆ ದಿಂಬಿಗೆ ಒರಗಿದ್ದರು.

 ಸುಲೋಚನಾಬಾಯಿ ಎದ್ದು ಕಪಾಟಿನಿಂದ ಆ ಪುಸ್ತಕ ತಂದು ಮೇಜಿನ ಮೇಲಿಟ್ಟರು, ತೆರೆಯಲಿಲ್ಲ. "ಇದರಾಗ ಗ್ವಾಡಿ ಒಳಗ ಮುಕುಂದರಾಯ ಏನೇನು ಅನುಭವಿಸಿದ ಅಂತ ಪುಟಗಟ್ಟಲೆ ಐತಿ" ಅಂದರು. "ಹೊರಗ ನಿಂತ ಇಂದುಮತಿ ಏನು ಅನುಭವಿಸಿದ್ಲು ಅಂತ ಎಲ್ಲ್ಯೆರೆ ಐತೇನು? ಇಷ್ಟು ಸಲ ಓದೀನಿ, ನಂಗ ಒಂದು ಸಾಲೂ ಸಿಕ್ಕಿಲ್ಲ. ಸೋಮಲಿಂಗನ ತಮ್ಮಂದೂ ಹಂಗ. ಅಣ್ಣಂದು ಸುದ್ದಿ ಗೊತ್ತಾಗಿದ್ರ ಅಂವ ಅಳತಿದ್ದನೋ, ಕಾಲಿಗೆ ಬೀಳತಿದ್ದನೋ, ತಾನ ಹೋಗಿ ಪೊಲೀಸರ ಮುಂದ ನಿಲ್ಲತಿದ್ದನೋ ಯಾರಿಗೆ ಗೊತ್ತು? ಮನಷ್ಯಾ ಆಗಾಕ ಅವಗ ಒಂದು ಅವಕಾಶರೆ ಸಿಗತಿತ್ತು. ಅದನ್ನೂ ಸೋಮಲಿಂಗ ಕಸಗೊಂಡ."

"ಹಂಗಂದ್ರ ಹೆಂಗ ಅಕ್ಕಾರ" ಅಂದರು ಖಾದರಸಾಬರು. "ತ್ಯಾಗ ಮಾಡಿದವರನ್ನ ಕಳ್ಳರನ್ನಾಗಿ ಮಾಡತೀರಲ್ಲ."

"ಅವರಿಬ್ಬರೂ ಒಂದು ಮಾತು ಕೇಳಬೇಕಿತ್ತು, ಅಷ್ಟ ನಾ ಹೇಳೂದು. ಆ ಪುಸ್ತಕದ ಊರುಗಳಾಗ ಕೇಳೂ ಪದ್ಧತಿ ಇಲ್ಲ, ಹೋಗಲಿ. ನಮ್ಮೂರಾಗ ಐತಿ." ಬಾಯಿಯವರು ಇದನ್ನು ಹೇಳಿದ್ದು ಖಾದರಸಾಬರಿಗೆ, ನೋಡಿದ್ದು ಬೆಂಚಿನ ಕಡೆಗೆ. "ನಾ ದಿನಾ ಕೇಳಾಕತ್ತೀನಿ. ಗ್ವಾಡಿ ಹೊರಗ ನಿಂತು."

ಮಾಸ್ತರ ಕೈಯಲ್ಲಿದ್ದ ಪೆನ್ಸಿಲು ನಿಂತಿತು. ಅವತ್ತಿನ ಸಭೆ ಅಲ್ಲಿಗೇ ಮುಗಿಯಿತು.

ಮನೆಗೆ ಬಂದ ಮೇಲೆ ಬಾಯಿಯವರು ಅಡುಗೆಮನೆ ಸೇರಿ ಶೇಂಗಾ ಸುಲಿಯುತ್ತ ಕೂತರು. ಸ್ವಲ್ಪ ಹೊತ್ತಿಗೆ ಮಾಸ್ತರು ಗೋಡೆ ಹಿಡಿದು ಅಷ್ಟು ದೂರ ನಡೆದು ಬಂದು ಹೊಸ್ತಿಲ ಹತ್ತಿರ ಕುಕ್ಕರಿಸಿದರು. ತಾವೂ ಒಂದು ಹಿಡಿ ಶೇಂಗಾ ಎಳೆದುಕೊಂಡರು. "ಸುಲೂ, ನಮ್ಮವ್ವನ್ನ ನೀ ನೋಡೀದಿ."

"ನೋಡದ ಏನ್ರಿ. ಎದಿ ಹಿಡಕೊಂಡ ಅಡ್ಡಾಡತಿದ್ರು. ಮಾವನವರು ಹೋಗೂಮುಂದ ಅವರ ನೋವು ಇವರ ಹತ್ತರ ಉಳೀತು ಅಂತ ಎಲ್ಲಾರಿಗೂ ಗೊತ್ತಿತ್ತು."

"ಒಂದು ಮಾತು ಯಾರಿಗೂ ಗೊತ್ತಿಲ್ಲ. ಆಕಿ ಕೊನೇ ವರ್ಷ ನಾ ಅಪ್ಪನ ಚಿತ್ರ ಬರದು ತೋರಿಸಿದ್ದೆ. ಭಾಳ ಛಲೋ ಬಂದಿತ್ತು. ಆಕಿ ಕಣ್ಣಿನ ಹತ್ತರ ಹಿಡದ ನೋಡಿ, ಇದು ಯಾರಪಾ ಅಂದ್ಲು. ಅಪ್ಪ ಅಲ್ಲೇನವ್ವಾ ಅಂದೆ. ಹೌದೇನು, ಅವರ ಮುಖ ನಂಗ ಮರತೇ ಹೋಗೇತಿ ನೋಡು, ನೋವಷ್ಟ ಉಳದೈತಿ ಅಂದ್ಲು." ಮಾಸ್ತರು ಕೈಯಲ್ಲಿದ್ದ ಶೇಂಗಾವನ್ನು ಸುಲಿಯದೆ ತಿರುಗಿಸುತ್ತಿದ್ದರು. "ಎಷ್ಟು ಚಂದ ಇದ್ದರು ಅಪ್ಪ. ಆಕೀನ ಎಷ್ಟು ನಗಸತಿದ್ದರು. ಎಲ್ಲಾ ಹೋಗಿ ಎದ್ಯಾಗಿನ ಒಂದು ಸಂಕಟ ಆಗಿ ಉಳದ್ರು. ನಾ ನಿನಗ ಹಂಗ ಉಳಿಯಾಕ ಒಲ್ಲೆ."

 ಇಷ್ಟು ದಿನ ತನ್ನ ಮೇಲಿನ ಕರುಣೆಯಿಂದ ಇವರು ಕೊಡುತ್ತಿಲ್ಲ ಎಂದು ಸಿಟ್ಟಾಗಿದ್ದ ಬಾಯಿಯವರಿಗೆ, ಈ ಮನುಷ್ಯನ ಅಂಜಿಕೆ ಇಷ್ಟು ಸಣ್ಣದೂ ಇಷ್ಟು ಒಳಗಿನದೂ ಆಗಿತ್ತೆಂದು ಈಗ ಗೊತ್ತಾಯಿತು. ಒಳಗೆ ಕಟ್ಟಿಕೊಂಡಿದ್ದ ಸಿಟ್ಟು ಹಾಗೆಯೇ ಇಳಿದುಹೋಯಿತು. ಕಣ್ಣೊರೆಸಿಕೊಂಡು, ಮೊರದಲ್ಲಿ ಸಿಪ್ಪೆ ಕೇರುತ್ತ, ಸಂಸಾರದ ಲೆಕ್ಕ ಮಾತಾಡುವ ದನಿಯಲ್ಲಿ ಅಂದರು. "ಇದನ್ನ ಮೊದಲ ಹೇಳಬಾರದಿತ್ತೇನ್ರಿ? ನೀವು ಹೋಗೂಮುಂದ ನೋವು ನನ್ನ ಹತ್ತರ ಇರಬಾರದು, ಇಷ್ಟ ಹೌದಲ್ಲೋ? ಅಲ್ಲೀಮಟ ಇದ್ರ ಏನಡ್ಡಿ?"

"ಸಾವು ಹೇಳಿ ಬರತೈತೇನು?"

"ನಿಮಗ ತಿಳಿಯೂದಿಲ್ಲೇನು? ನೀವ ಹೇಳ್ರಿ. ಮಧ್ಯಾಹ್ನದ ಊಟ ಆದಮ್ಯಾಲ ನಂಗ ಕೊಡ್ರಿ, ಸಂಜೀಕ ತಗೋರಿ. ನಡುವ ಯಾವಾಗ ಕೇಳಿದ್ರೂ ವಾಪಸ್ ಕೊಡತೀನಿ. ಒಂದು ಮಾತೂ ಆಡೂದಿಲ್ಲ."

"ಖರೇ?"

"ಖರೇ."

ಮಾಸ್ತರು ನಕ್ಕರು. ಹೆಂಡತಿ ಅರಿವೆ ಅಂಗಡಿಯಲ್ಲಿ ಚೌಕಾಸಿ ಮಾಡುವಾಗ ನಗುತ್ತಿದ್ದರಲ್ಲ, ಅದೇ ನಗು. ಶೇಂಗಾದ ದೂಳು ಹತ್ತಿದ ಕೈ ಮುಂದೆ ಮಾಡಿದರು. ಬಾಯಿಯವರು ಅದನ್ನು ಹಿಡಿದು "ನನಗಿರಲಿ" ಅಂದರು. ಇಷ್ಟು ವರ್ಷದ ಸಂಸಾರದಲ್ಲಿ ಅದಕ್ಕೆ ಕೊಡಬೇಕಾದ ಉತ್ತರವನ್ನು ಮಾಸ್ತರು ಒಮ್ಮೆಯೂ ಆಡಿರಲಿಲ್ಲ.

"ತಗೋ" ಅಂದರು.

ಸೊಂಟದಿಂದ ಮೊಣಕಾಲಿನವರೆಗೆ ಕಾದ ಮರಳು ತುಂಬಿದ ಹಾಗಾಯಿತಂತೆ. ಮೊರ ಕೈಯಿಂದ ಜಾರಿ ಶೇಂಗಾ ಎಲ್ಲ ಚೆಲ್ಲಿತು. ಬಾಯಿಯವರು ಗೋಡೆಗೆ ಆತುಕೊಂಡು ಉಸಿರು ಹಿಡಿದರು. ಇದನ್ನು ಇಟ್ಟುಕೊಂಡು ಈ ಮನುಷ್ಯ ಚಹಾಕ್ಕೆ ಸಕ್ಕರೆ ಕಡಿಮೆಯಾಯಿತೆಂದು ತಕರಾರು ಮಾಡುತ್ತಿದ್ದನೇ ಎಂದು ಅವರಿಗೆ ಆ ಸಂಕಟದಲ್ಲೂ ನಗು ಬಂತು. ಮಾಸ್ತರು ಮಾತ್ರ ಎದ್ದು ನಿಂತಿದ್ದರು. ಯಾವ ಗೋಡೆಯನ್ನೂ ಹಿಡಿಯದೆ ನಿಂತಿದ್ದರು. ಆಮೇಲೆ ಬಗ್ಗಿ ಒಂದೊಂದೇ ಶೇಂಗಾ ಆರಿಸತೊಡಗಿದರು.

ಅಲ್ಲಿಂದ ಮುಂದಿನ ಚಳಿಗಾಲವನ್ನು ನಾನು ನನ್ನ ಕಿಟಕಿಯಿಂದಲೇ ನೋಡಿದೆ. ಮಧ್ಯಾಹ್ನವಾದರೆ ಮಾಸ್ತರು ಅಂಗಳಕ್ಕೆ ಬರುತ್ತಿದ್ದರು. ರೋಗ ಕಾಲಿನ ಶಕ್ತಿ ತಿನ್ನುತ್ತಿದ್ದರೂ ನೋವಿಲ್ಲದ ಮೈ ಹಗುರವಾಗಿ, ನಿಂಬೆಗಿಡದ ಹತ್ತಿರ ಕುರ್ಚಿ ಎಳೆದುಕೊಂಡು ಚಿತ್ರ ಬರೆಯುತ್ತಿದ್ದರು. ಎದುರಿಗೆ ಚಾಪೆಯ ಮೇಲೆ ಬಾಯಿಯವರು ಬೆನ್ನಿಗೆ ಎರಡು ದಿಂಬು ಕೊಟ್ಟುಕೊಂಡು ಬೆವರುತ್ತ ಕೂತಿರುತ್ತಿದ್ದರು. "ಹುಬ್ಬು ಗಂಟ ಹಾಕಬ್ಯಾಡ, ಚಿತ್ರ ಕೆಡತೈತಿ" ಎಂದು ಇವರು, "ನಿಮ್ಮ ನೋವಿಗೆ ಹೇಳ್ರಿ" ಎಂದು ಅವರು. ಸಂಜೆ ಮಾಸ್ತರು ಕೈ ಚಾಚಿ "ನನಗಿರಲಿ" ಎಂದರೆ ಬಾಯಿಯವರು "ತಗೋರಿ" ಎಂದು ಕೊಟ್ಟುಬಿಡುತ್ತಿದ್ದರು. ಮೊದಮೊದಲು ಊರಿನವರಿಗೆ ಇದು ಹಿಡಿಸಲಿಲ್ಲ. ತಗೊಂಡವರು ತಗೊಂಡೇ ಇರಬೇಕು, ಇದೇನು ಮಕ್ಕಳಾಟ ಎಂದರು. ಪಾರಿಸಪ್ಪನೂ ಮುಖ ಸಣ್ಣದು ಮಾಡಿಕೊಂಡ. ಅವನ ಮುಕುಂದರಾಯ ಗೋಡೆ ಒಡೆದು ಹೊರಗೆ ಬಂದು ಪೇರಲಹಣ್ಣು ತಿನ್ನುತ್ತಿದ್ದರೆ ಬೇಜಾರಾಗದೆ ಇರುತ್ತದೆಯೇ. ಆದರೆ ಕೆಲವು ದಿನಗಳ ಮೇಲೆ ಅವನೇ ಪೇರಲಹಣ್ಣು ತಂದುಕೊಡತೊಡಗಿದ.

ಸಂಕ್ರಾಂತಿ ಕಳೆದ ಮೇಲೆ ಒಂದು ಮಧ್ಯಾಹ್ನ ಬಾಯಿಯವರು ನನ್ನನ್ನು ಕರೆದರು. ಮಾಸ್ತರು ಎರಡು ದಿನದಿಂದ ಗಂಜಿ ಬಿಟ್ಟು ಬೇರೇನೂ ಸೇವಿಸಿರಲಿಲ್ಲ. ನಾನು ಹೋದಾಗ ಅವರು ಪಡಸಾಲೆಯ ಮಂಚದ ಮೇಲಿದ್ದರು, ಉಸಿರು ಸಣ್ಣಗೆ ಆಡುತ್ತಿತ್ತು. ನೋವು ಬಾಯಿಯವರ ಕಡೆಗಿತ್ತು. ಅವರು ಮಂಚದ ಪಕ್ಕದ ಸ್ಟೂಲಿನ ಮೇಲೆ ಸೊಂಟ ಒತ್ತಿ ಹಿಡಿದು ಕೂತಿದ್ದರು. ಮಾಸ್ತರ ಮುಖ ಮಲಗಿದ ಮಗುವಿನ ಮುಖದಂತೆ ಸಡಿಲವಾಗಿತ್ತು. ಮಗಳು ಹೊರಟಿದ್ದಾಳೆ, ರಾತ್ರಿಯೊಳಗೆ ಬರುತ್ತಾಳೆ ಎಂದು ಬಾಯಿಯವರು ನನಗೆ ಪಿಸುದನಿಯಲ್ಲಿ ಹೇಳಿದರು.

ಆಗ ಮಾಸ್ತರು ಕಣ್ಣು ತೆರೆದು, ಹೊದಿಕೆಯಿಂದ ಕೈ ಹೊರಗೆ ತೆಗೆದರು. "ಸುಲೂ, ನನಗಿರಲಿ."

ಹೊರಗೆ ಇನ್ನೂ ಸುಡುಬಿಸಿಲು. ಸಂಜೆಗೆ ಬಹಳ ಹೊತ್ತಿತ್ತು. ಅವರು ಏಕೆ ಕೇಳುತ್ತಿದ್ದಾರೆಂದು ನನಗೂ ಗೊತ್ತಾಯಿತು. ಬಾಯಿಯವರು ಆ ಕೈಯನ್ನು ನೋಡಿದರು, ಹಿಡಿಯಲಿಲ್ಲ. ಕೊಡಬೇಡಿರಿ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಸುಮ್ಮನೆ ಇದ್ದುಬಿಟ್ಟರೆ ಸಾಕಿತ್ತು. ಮಾಸ್ತರು ಸುಖವಾಗಿ ಹೋಗುತ್ತಿದ್ದರು, ಊರು ಬಾಯಿಯವರನ್ನು ಮುಕುಂದರಾಯನಿಗಿಂತ ಮೇಲೆ ಕೂರಿಸುತ್ತಿತ್ತು. "ಇನ್ನ ಸ್ವಲ್ಪ ಇರಲಿ ಬಿಡ್ರಿ" ಅಂದರು ಬಾಯಿಯವರು, ಅಂಗಲಾಚುವ ಹಾಗೆ.

ಮಾಸ್ತರು ಒತ್ತಾಯ ಮಾಡಲಿಲ್ಲ. ಚಾಚಿದ ಕೈಯನ್ನು ಹಾಗೆಯೇ ಇಟ್ಟುಕೊಂಡು ಹೆಂಡತಿಯ ಮುಖ ನೋಡುತ್ತ ಮಲಗಿದ್ದರು. ಕೈ ಭಾರವಾಗಿ ಹಾಸಿಗೆಗೆ ಇಳಿಯತೊಡಗಿತು. ಪೂರ್ತಿ ಇಳಿಯುವುದಕ್ಕೆ ಮುಂಚೆ ಬಾಯಿಯವರು ಎರಡೂ ಕೈಯಿಂದ ಅದನ್ನು ಹಿಡಿದುಕೊಂಡರು. "ತಗೋರಿ" ಅಂದರು.

ಮಾಸ್ತರ ಮುಖ ಒಮ್ಮೆಲೇ ಬಿಗಿಯಿತು, ಬೆನ್ನು ಹಾಸಿಗೆಯಿಂದ ಎದ್ದಿತು. ಬಾಯಿಯವರ ಬಾಗಿದ ಬೆನ್ನು ನೆಟ್ಟಗಾಯಿತು. ತಮ್ಮ ಮೈ ಹಗುರವಾದದ್ದು ಸಹಿಸಲಾಗದೆ ಅವರು ಬಿಕ್ಕಿದರು. ಮುಖ ಸೆರಗಿನಲ್ಲಿ ಮುಚ್ಚಿಕೊಳ್ಳಲು ಹೋದರು. ಮಾಸ್ತರು ಹಲ್ಲು ಕಚ್ಚಿಯೇ, "ಮುಚ್ಚಬ್ಯಾಡ. ನೋಡು ನನ್ನ" ಅಂದರು. ಬಾಯಿಯವರು ಸೆರಗು ಬಿಟ್ಟರು, ಮಂಚದ ಅಂಚಿಗೆ ಸರಿದು ಕೂತು, ಬಗ್ಗಿ ಆ ಮುಖವನ್ನೇ ನೋಡತೊಡಗಿದರು. ಅವರು ರೆಪ್ಪೆ ಬಡಿದದ್ದು ನನಗೆ ಕಾಣಲಿಲ್ಲ. ಮಾಸ್ತರು ಆಗಾಗ ಅವರ ಕೈ ಹಿಸುಕುತ್ತಿದ್ದರು, ಒಂದೆರಡು ಸಲ ನಗಲೂ ನೋಡಿದರು. ಮಗಳು ಬಂದು ಮುಟ್ಟಿದಳು, ಅಪ್ಪನ ಕಾಲ ಹತ್ತಿರ ಕೂತಳು. ದೀಪ ಹಚ್ಚುವ ಹೊತ್ತಿಗೆ ಮಾಸ್ತರ ಕೈ ಸಡಿಲಾಯಿತು. ಬಾಯಿಯವರು ಆಮೇಲೂ ಬಹಳ ಹೊತ್ತು ನೋಡುತ್ತಲೇ ಇದ್ದರು.

ವಾಪಸು ಕೊಟ್ಟಳಂತೆ ಎಂಬ ಸುದ್ದಿ ಊರಿನಲ್ಲಿ ಹಬ್ಬಿತು. ಸಾವಿನ ಮನೆಗೆ ಮಾತಾಡಿಸಲು ಬಂದವರಲ್ಲಿ ಒಬ್ಬ ಹೆಂಗಸು ಬಾಗಿಲಲ್ಲೇ ಅದನ್ನು ಎತ್ತಿದಳು. ಪಾರಿಸಪ್ಪ ಎದ್ದು ಹೋಗಿ, "ಅವರು ಬೇಡಿದ್ರು, ಇವರು ಕೊಟ್ಟರು. ನಿಮಗೇನಾಗಬೇಕ ತಾಯಿ?" ಎಂದು ಕೇಳಿದ. ಅವನ ದನಿ ಅಷ್ಟು ಗಡುಸಾಗಿದ್ದುದನ್ನು ನಾನು ಹಿಂದೆ ಕೇಳಿರಲಿಲ್ಲ. ವಾಪಸು ಬಂದು ಬಾಯಿಯವರ ಎದುರಿಗೆ ಚಾಪೆಯ ಮೇಲೆ ಕೂತ. ಅವರ ಕೈ ಹಿಡಿದು "ಅಕ್ಕಾರ, ನನಗಿರಲಿ" ಅಂದುಬಿಟ್ಟ. ದುಃಖ ದಾಟುವುದಿಲ್ಲವೆಂದು ನಮ್ಮ ಊರಿನ ಮಕ್ಕಳಿಗೂ ಗೊತ್ತು. ಬಾಯಿಯವರು ಅವನನ್ನು ನೋಡಿ, "ತಗೋ ತಮ್ಮಾ" ಅಂದರು. ಖಾದರಸಾಬರು ಟೋಪಿ ಸರಿಮಾಡಿಕೊಂಡು ಮುಂದೆ ಬಂದು ಅದನ್ನೇ ಅಂದರು. ಬಾಗಿಲಲ್ಲಿ ಮಾತೆತ್ತಿದ ಹೆಂಗಸೂ ಬಂದು ಕೂತು ಅಂದಳು. ಬಾಯಿಯವರು ಯಾರಿಗೂ ಬೇಡ ಎನ್ನಲಿಲ್ಲ. ಒಬ್ಬೊಬ್ಬರಿಗೂ ಕೈ ಕೊಟ್ಟು ತಗೋರಿ ಎನ್ನುತ್ತಿದ್ದರು.

ಎಲ್ಲರಾದ ಮೇಲೆ ನಾನು ಹೋದೆ. ನನ್ನ ಮಾತಿಗೂ ಉತ್ತರ ಕೊಟ್ಟು, ಕೈ ಬಿಡದೆ, ಅವರು ನನ್ನ ಕಡೆ ಸ್ವಲ್ಪ ಬಾಗಿದರು.

"ಡಾಕ್ಟರ, ಅವರ ಎಡಗಿವಿ ಹಿಂದ ಎಳ್ಳಿನಷ್ಟ ಸಣ್ಣದೊಂದು ಮಚ್ಚಿ ಇತ್ತು. ನಿಮಗ ಗೊತ್ತಿತ್ತೇನು?"

ಇಲ್ಲ ಅಂದೆ.

"ಅವತ್ತು ನೋಡೂಮಟ ನನಗೂ ಗೊತ್ತಿರಲಿಲ್ಲ" ಅಂದರು ಸುಲೋಚನಾಬಾಯಿ.